ಹೂವಿನ ಟೈಲರ್ ಡ್ರಾಯರಿನಲ್ಲಿ ಬಿತ್ತಿದ್ದು

ಕಚೇರಿಯ ಬೀಗ ತೆಗೆದು ಒಳಗೆ ಬಂದವನು ಹೆಗಲ ಚೀಲವನ್ನೂ ಕೆಳಗಿಡದೆ ನೆಟ್ಟಗೆ ಕಿಟಕಿಯ ಹತ್ತಿರ ಹೋದ. ಮೊಗ್ಗು ಅಲ್ಲೇ ಇತ್ತು. ಇರದೆ ಎಲ್ಲಿಗೆ ಹೋದೀತು. ಆದರೂ ಬಸ್ಸಿನಲ್ಲಿ ಬರುವ ಉದ್ದಕ್ಕೂ, ಗಾಳಿಗೆ ಉದುರಿರಬಹುದು, ಇರುವೆ ಹತ್ತಿರಬಹುದು, ಗುಡಿಸುವವಳ ಪೊರಕೆ ತಾಗಿ ಮುರಿದಿರಬಹುದು ಎಂದು ಒಂದೊಂದಾಗಿ ಕಾರಣ ಜೋಡಿಸುತ್ತ ಬಂದಿದ್ದ. ಒಂದೊಂದು ಕಾರಣಕ್ಕೂ ಮನಸ್ಸು ಒಳಗೊಳಗೇ ಹಗುರಾಗುತ್ತಿತ್ತು. ಮೂರು ವರ್ಷ ಕೈಯಾರೆ ನೀರೆರೆದು ಸಾಕಿದ ಗಿಡದ ಮೊದಲ ಮೊಗ್ಗು ಉದುರಿಹೋಗಲಿ ಎಂದು ಹಾರೈಸುವ ಮನುಷ್ಯ ಲೋಕದಲ್ಲಿ ತಾನೊಬ್ಬನೇ ಇರಬೇಕು ಅನ್ನಿಸಿ ನಾಚಿಕೆಯಾಯಿತು. ಹೋದ ವಾರ ಅದು ಸಾಸಿವೆಯಷ್ಟಿದ್ದಾಗ ಹೆಬ್ಬೆರಳಿನ ಉಗುರನ್ನು ಅದರ ತೊಟ್ಟಿನವರೆಗೆ ಒಯ್ದೂ ಇದ್ದ. ಚಿವುಟಲಿಲ್ಲ. ಈಗ ಅದು ಬೆಳ್ಳಗೆ ಉಬ್ಬಿ, ತುದಿ ಒಂದಿಷ್ಟೇ ಬಿರಿದು, ಇವತ್ತೇ ಎನ್ನುವಂತೆ ನಿಂತಿತ್ತು. ನಲ್ಲಿಯಿಂದ ಚೊಂಬಿನಲ್ಲಿ ನೀರು ಹಿಡಿದು ತಂದ. ಅಷ್ಟರಲ್ಲಿ ಟೈಪಿಸ್ಟ್ ಅಕ್ಕ ಬಂದರು, ಬಂದವರೇ ಕನ್ನಡಕ ಏರಿಸಿಕೊಂಡು, "ಅಂತೂ ಮೊಗ್ಗು ಬಿಟ್ಟೇಬಿಡ್ತಲ್ಲ ನಿಮ್ಮ ಗಿಡ. ಹೆರಿಗೆ ವಾರ್ಡಿನ ಮುಂದೆ ನಿಂತೋರ ಥರ ಮುಖ ಮಾಡ್ಕೊಂಡಿದ್ದೀರಲ್ಲ," ಎಂದರು. ಅವನು ನಕ್ಕು, ಚೊಂಬನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟು, ಮಾರುಕಟ್ಟೆಗೆ ಒಯ್ಯಬೇಕಾದ ಪೆಟ್ಟಿಗೆಯನ್ನು ತೆಗೆಯಲು ಬೀರುವಿನ ಕಡೆ ತಿರುಗಿದ.

ಪೆಟ್ಟಿಗೆಯಲ್ಲಿ ಹಸಿರು ಮಖಮಲ್ಲಿನ ಗುಳಿಗಳಲ್ಲಿ ಹಿತ್ತಾಳೆಯ ತೂಕದ ಬೊಟ್ಟುಗಳಿದ್ದವು. ಐದು ಕಿಲೋದಿಂದ ಹಿಡಿದು ಒಂದು ಗ್ರಾಮಿನವರೆಗೆ, ಸುಳ್ಳು ಹೇಳದ ಬೊಟ್ಟುಗಳು. ಅಂಗಡಿಯವರ ತಕ್ಕಡಿಗಳನ್ನು ಇವುಗಳ ಎದುರು ತೂಗಿ ನೋಡಿ, ಸರಿಯಿದ್ದರೆ ಮುದ್ರೆ ಒತ್ತುವುದು, ಇಲ್ಲದಿದ್ದರೆ ಚೀಟಿ ಬರೆಯುವುದು ಅವನ ಕೆಲಸ. ಹದಿನಾಲ್ಕು ವರ್ಷ ಅದನ್ನೇ ಮಾಡಿದ್ದ. ಒಂದು ಗ್ರಾಮು ಅತ್ತಿತ್ತ ಆದರೆ ಬಿಡದವನು ಎಂದು ಮಾರುಕಟ್ಟೆಯಲ್ಲಿ ಹೆಸರು. ಮಾವ ಅವನನ್ನು ಮನೆಗೆ ಬಂದವರಿಗೆಲ್ಲ ಪರಿಚಯ ಮಾಡಿಸುವುದೂ ಹಾಗೆಯೇ. "ನಮ್ಮ ಅಳಿಯಂದ್ರು, ಇನ್ಸ್‌ಪೆಕ್ಟರ್. ಅಳತೆ ಅಂದ್ರೆ ಅಳತೆ." ಟೈಲರ್ ಆದ ಮಾವನ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಆ ಮಾತು ಕೇಳಿದಾಗಲೆಲ್ಲ ಅವನಿಗೆ ಶರ್ಟಿನ ಕಾಲರು ಬಿಗಿಯುತ್ತಿತ್ತು, ಶರ್ಟು ಮಾವನೇ ಹೊಲಿದದ್ದಾದರೂ.

ನಿನ್ನೆ ಸಂಜೆ ಊಟಕ್ಕೆ ಕೂತಾಗ ಮಾವ ಹೇಳಿದ್ದು: "ಗುಂಡಿ ತೋಡಿಸಿ ಬಂದೆ. ಎರಡಡಿ ಆಳ. ನಾಳಿದ್ದು ಬೆಳಿಗ್ಗೆ ಆರು ಗಂಟೆಗೆ ನೆಟ್ಟುಬಿಡೋಣ. ನಿಮ್ಮ ಗಿಡಾನೇ ನೆಡೋದು ಅಂತ ತೀರ್ಮಾನ ಮಾಡಿದೀನಿ. ನಾಳೆ ಬರುವಾಗ ಮನೆಗೆ ತಂದ್ಬಿಡಿ." ಗುಂಡಿ ತೋಡಿಸಿದ್ದು ಎಲ್ಲಿ ಎಂದು ಕೇಳಬೇಕಾಗಿರಲಿಲ್ಲ. ರಸ್ತೆ ಅಗಲ ಮಾಡಿದವರು ಮೂಲೆಯಲ್ಲಿ ಮಿಕ್ಕ ಮೂರು ಮೊಳ ಜಾಗಕ್ಕೆ ಕಲ್ಲಿನ ಅಂಚು ಕಟ್ಟಿ ಬಿಟ್ಟಿದ್ದರು. ಅದೇ ಜಾಗದಲ್ಲಿ ಮಾವನ ಅಂಗಡಿ ಇದ್ದದ್ದು, ಅಂಗಡಿಯ ಬಾಗಿಲಲ್ಲಿ ಆ ಪೊದೆ ಇದ್ದದ್ದು.

ಮದುವೆ ಗೊತ್ತಾದ ಮೇಲೆ ಅಳತೆ ಕೊಡಲು ಅವನು ಆ ಅಂಗಡಿಗೆ ಹೋಗಿದ್ದ. ಮಧ್ಯಾಹ್ನ ಮೂರೂವರೆ. ಬಾಗಿಲ ಅರ್ಧಕ್ಕೆ ಅಡ್ಡವಾಗಿ ಬೆಳೆದ ಪೊದೆ, ಚಿಕ್ಕ ಚಿಕ್ಕ ಮಿರುಗುವ ಎಲೆ, ಬಿಳಿ ಹೂವು, ಮೂಗು ಹತ್ತಿರ ಒಯ್ದರೂ ವಾಸನೆ ಇಲ್ಲ. ಬರೀ ಅಂದಕ್ಕೆ ಇಟ್ಟಿದ್ದಾರೆ ಅಂದುಕೊಂಡ. ಎದೆಯ ಸುತ್ತಳತೆ, ತೋಳಿನುದ್ದ, ಕತ್ತು, ಎಲ್ಲ ಮುಗಿಯುವಷ್ಟರಲ್ಲಿ ನಾಲ್ಕು ಗಂಟೆಯಾಯಿತು. ಯಾರೋ ಬಾಗಿಲು ತೆಗೆದು ಒಳಗೆ ಬಂದ ಹಾಗೆ ವಾಸನೆ ಬಂತು. ಕಿತ್ತಳೆ ಸಿಪ್ಪೆ ಮುರಿದ ವಾಸನೆ, ಅದರ ಹಿಂದೆಯೇ ಈಗ ತಾನೆ ಇಸ್ತ್ರಿ ಮಾಡಿದ ಬಟ್ಟೆಯ ವಾಸನೆ. ಭಾವಿ ಮಾವ ಟೇಪನ್ನು ಕೊರಳಿಗೆ ಹಾಕಿಕೊಳ್ಳುತ್ತ, "ನಾಲ್ಕಾಯ್ತು ಅಂತ ಲೆಕ್ಕ. ನಂಗೆ ಗಡಿಯಾರ ಬೇಡ," ಅಂದಿದ್ದರು. ಆ ಊರಿನ ಬೇರೆ ಯಾವ ಪೊದೆಯೂ ಹಾಗೆ ನಾಲ್ಕಕ್ಕೆ ಸರಿಯಾಗಿ ಘಮಘಮಿಸುತ್ತಿರಲಿಲ್ಲವಂತೆ. ಅದಕ್ಕೇ ಜನ ಅವರನ್ನು ಹೂವಿನ ಟೈಲರ್ ಅನ್ನುತ್ತಿದ್ದದ್ದು. ಹೊಲಿಸಿಕೊಂಡ ಬಟ್ಟೆಯನ್ನು ಮನೆಗೆ ಒಯ್ದು ಬಿಚ್ಚಿದರೆ ಮೊದಲು ವಾಸನೆ ಬರಬೇಕು, ಆಮೇಲೆ ಬಟ್ಟೆ ಕಾಣಬೇಕು, ಅಂಥ ಅಂಗಡಿ. ರಸ್ತೆಯವರು ಬರುವ ಮುಂಚೆ ಮಾವ ಪೊದೆಯನ್ನು ಉಳಿಸಿಕೊಳ್ಳಲು ಮಾಡದ ಪ್ರಯತ್ನವಿಲ್ಲ. ನಲವತ್ತು ವರ್ಷದ ಬುಡವನ್ನು ಕೀಳಲಾಗಲಿಲ್ಲ. ಕಡ್ಡಿ ಮುರಿದು ನೆಟ್ಟರೆ, ಮುದಿ ಕೊಂಬೆ, ಒಂದೂ ಬೇರು ಬಿಡಲಿಲ್ಲ. ಕೊನೆಗೆ ಉಳಿದದ್ದು ಒಂದು ಹಿಡಿ ಕೆಂಪು ಹಣ್ಣು. ಅದನ್ನು ಹಿಸುಕಿ, ತಿರುಳು ತೊಳೆದು, ಅಂಗಿ ಗುಂಡಿಯ ಡಬ್ಬಿಯಲ್ಲಿ ಮನೆಗೆ ತಂದರು. ಹೊಲಿಗೆ ಮಷೀನಿನ ಮೇಜಿನಿಂದ ಮರದ ಡ್ರಾಯರು ಎಳೆದು ತೆಗೆದು, ತಳಕ್ಕೆ ದಬ್ಬಳದಿಂದ ತೂತು ಕೊರೆದು, ಜರಡಿ ಹಿಡಿದ ಮಣ್ಣು ತುಂಬಿ, ಬಟ್ಟೆಗೆ ಗೆರೆ ಎಳೆಯುವ ಸೀಮೆಸುಣ್ಣದಿಂದ ಅಂಚಿಗೆ ಗುರುತು ಹಾಕಿ, ಬೆರಳಿನ ಒಂದು ಗೆಣ್ಣು ಆಳಕ್ಕೆ ಬೀಜ ಇಟ್ಟರು. ನಲವತ್ತು ಬೀಜ. ಐದು ವಾರ ಏನೂ ಇಲ್ಲ. ಆರನೇ ವಾರ ಮೂವತ್ತೊಂದು ಎದ್ದವು. ಮಾವ ಅವತ್ತು ಎರಡು ಸಲ ಕಾಫಿ ಕುಡಿದರು.

ಮಾರುಕಟ್ಟೆಯಲ್ಲಿ ಬಿಸಿಲೇರಿತ್ತು. ಕಾಳಿನ ಅಂಗಡಿಯ ಮುದುಕನ ಎರಡು ಕಿಲೋ ಬೊಟ್ಟು ಹದಿನೆಂಟು ಗ್ರಾಮು ಕಡಿಮೆ ತೂಗಿತು. ಸವೆದದ್ದು, ಕೊರೆದದ್ದಲ್ಲ. ಮುದುಕ ತಲೆ ಕೆರೆದುಕೊಂಡ. "ನಂಗೂ ಅನುಮಾನ ಇತ್ತು ಸ್ವಾಮಿ. ಮೊದಲ ದಿನಾನೇ ಬಂದು ಹೇಳಿದ್ರೆ ಆಗೋದು. ಇವತ್ತು ನಾಳೆ ಅಂತ ಬಿಟ್ಟೆ. ಆಮೇಲೆ ಹೋಗಿ ಹೇಳಿದ್ರೆ, ಇಷ್ಟು ದಿನ ಏನ್ ಮಾಡ್ತಿದ್ದೆ ಅಂತೀರಲ್ಲ, ಅದಕ್ಕೆ ಸುಮ್ಮನಾದೆ." ಬೇರೆ ದಿನವಾಗಿದ್ದರೆ ಈ ಹಾಡು ಗೊತ್ತು ಎಂದು ಚೀಟಿ ಬರೆದು ಕೈಗಿಡುತ್ತಿದ್ದ. ಇವತ್ತು ಪೆನ್ನಿನ ಮುಚ್ಚಳ ತೆಗೆದು ಹಾಗೇ ನಿಂತ. ತನ್ನದೇ ಮಾತನ್ನು ಇನ್ನೊಬ್ಬರ ಬಾಯಲ್ಲಿ ಕೇಳಿದಂತಾಗಿ ಕಿವಿ ಬಿಸಿಯಾಯಿತು. ಚೀಟಿ ಬರೆದ, ಬರೆಯಲೇಬೇಕು. ಆದರೆ ಬರೆಯುವಾಗ ಮುದುಕನ ಮುಖ ನೋಡಲಿಲ್ಲ.

ಮಾವನಿಗೆ ಹೊಟ್ಟೆಯ ಆಪರೇಷನ್ ಆದದ್ದು ಮೊಳಕೆ ಎದ್ದ ಮೂರನೇ ವಾರ. ಹೆಂಡತಿ ಅಪ್ಪನ ಜೊತೆ ಆಸ್ಪತ್ರೆಯಲ್ಲಿ ಉಳಿದಳು. ಹೊರಡುವಾಗ ಮಾವ ಹೇಳಿದ್ದು ಒಂದೇ ಮಾತು, "ಡ್ರಾಯರಿಗೆ ದಿನಾ ನೀರು. ಚಿಮುಕಿಸೋದು, ಸುರಿಯೋದಲ್ಲ." ಹದಿನೆಂಟು ದಿನ. ಮೊದಲ ನಾಲ್ಕು ದಿನ ತಾರಸಿಗೆ ಹೋಗಿ ಚಿಮುಕಿಸಿ ಬಂದ. ಐದನೆಯ ದಿನ ಮರೆತ, ಅದೊಂದು ನಿಜವಾದ ಮರೆವು. ಆರನೆಯ ದಿನ ನೆನಪಾಯಿತು, ಆದರೆ ಮಾರುಕಟ್ಟೆಯಿಂದ ಸುಸ್ತಾಗಿ ಬಂದಿದ್ದ, ಬೆಳಿಗ್ಗೆ ಹಾಕಿದರಾಯಿತು ಅಂದುಕೊಂಡ. ಏಳನೆಯ ದಿನದಿಂದ ನಡೆದದ್ದು ಮರೆವಲ್ಲ. ಬಾಡಿರಬಹುದು ಎಂಬ ಭಯಕ್ಕೆ ಮೆಟ್ಟಿಲು ಹತ್ತಲಿಲ್ಲ. ಮೇಲೆ ಹೋಗಿ ನೋಡದಿದ್ದರೆ ಬಾಡಿಲ್ಲ. ದೊಡ್ಡ ಮನುಷ್ಯ, ಸರ್ಕಾರಿ ಮುದ್ರೆ ಇಟ್ಟುಕೊಂಡವನು, ಹನ್ನೆರಡು ಮೆಟ್ಟಿಲಿಗೆ ಹೆದರಿ ಕೆಳಗೆ ಕೂತಿದ್ದ. ಹದಿನೈದನೆಯ ದಿನ, ಮೂರು ದಿನದಲ್ಲಿ ಮನೆಗೆ ಬರುತ್ತೇವೆ ಎಂದು ಹೆಂಡತಿ ಫೋನು ಮಾಡಿದಾಗ ಹತ್ತಿ ಹೋದ. ಮಣ್ಣು ಬಿರುಕು ಬಿಟ್ಟಿತ್ತು. ಮೂವತ್ತೊಂದು ಕಂದು ನೂಲಿನ ತುಂಡುಗಳು. ಅವನು ತಾರಸಿಯ ಮೇಲೆ ಕುಕ್ಕರಗಾಲಲ್ಲಿ ಕೂತು ಅತ್ತುಬಿಟ್ಟ. ಇದನ್ನು ಯಾರಿಗೂ ಹೇಳಿಲ್ಲ.

ಆಮೇಲೆ ಮಾಡಿದ್ದು ಅವನಂಥವನು ಮಾತ್ರ ಮಾಡುವ ಕೆಲಸ. ಒಣಗಿದ ಸಸಿಗಳನ್ನು ಒಂದೊಂದಾಗಿ ಕಿತ್ತು, ಉಕ್ಕಿನ ಸ್ಕೇಲಿನಿಂದ ಅಳೆದ. ಮೂರರಿಂದ ನಾಲ್ಕು ಸೆಂಟಿಮೀಟರು. ಕಾಗದದಲ್ಲಿ ಸುತ್ತಿ ಕಸಕ್ಕೆ ಹಾಕಿ, ಸ್ಕೇಲು ಜೇಬಿನಲ್ಲಿಟ್ಟುಕೊಂಡು ಊರಾಚೆಯ ನರ್ಸರಿಗೆ ಹೋದ. ನರ್ಸರಿಯ ಹೆಂಗಸು, "ಇದೇ ಜಾತಿ, ಆದ್ರೆ ಕಡ್ಡಿ ನೆಟ್ಟು ಬೇರು ಬರಿಸಿದ್ದು. ಬೀಜದ್ದು ಬೇಕಂದ್ರೆ ನಮ್ಮಲ್ಲಿಲ್ಲ," ಅಂದಳು. "ಯಾವುದಾದರೇನು, ನಾಲ್ಕು ಸೆಂಟಿಮೀಟರ್ ಇರ್ಲಿ," ಅಂದ ಇವನು. ಸ್ಕೇಲು ಹಿಡಿದು ಗಿಡ ಆರಿಸುವ ಗಿರಾಕಿಯನ್ನು ಅವಳು ಬಾಯಿಗೆ ಸೆರಗು ಹಿಡಿದು ನೋಡಿದಳು. ಮೂವತ್ತೊಂದನ್ನೇ ತಂದ, ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಅದೇ ಮಣ್ಣನ್ನು ನೆನೆಸಿ, ಸೀಮೆಸುಣ್ಣದ ಗುರುತಿನ ಪ್ರಕಾರ ಸಾಲಾಗಿ ಕೂರಿಸಿ, ದಿನಕ್ಕೆ ಎರಡು ಸಲ ಚಿಮುಕಿಸಿದ. ಮಾವ ಆಸ್ಪತ್ರೆಯಿಂದ ಬಂದವರು ಎಂಟು ದಿನ ಹಾಸಿಗೆಯಲ್ಲಿದ್ದು, ಒಂಬತ್ತನೆಯ ದಿನ ಮಗಳ ಹೆಗಲು ಹಿಡಿದು ತಾರಸಿಗೆ ಬಂದರು. ಡ್ರಾಯರಿನ ಮುಂದೆ ಬಹಳ ಹೊತ್ತು ಬಗ್ಗಿ ನಿಂತಿದ್ದರು. ಮಾವ ಸೊಂಟ ಹಿಡಿದುಕೊಂಡು ನೆಟ್ಟಗಾಗಿ, "ಮೂವತ್ತೆರಡಿವೆ," ಎಂದರು, ಅಷ್ಟೇ. ಮಾರನೆಯ ದಿನ ಮೂಲೆಯಿಂದ ಒಂದು ಸಸಿಯನ್ನು ಚಮಚದಲ್ಲಿ ಮಣ್ಣುಸಮೇತ ಎತ್ತಿ ಚಿಕ್ಕ ಕುಂಡಕ್ಕೆ ಹಾಕಿ ಅವನ ಕೈಗೆ ಕೊಟ್ಟರು. "ಇದೊಂದು ನಿಮ್ಮದು. ನಿಮ್ಮ ಕಚೇರಿ ಕಿಟಕೀಲಿ ಬೆಳಗಿನ ಬಿಸಿಲು ಬರುತ್ತೆ ಅಂದಿದ್ರಲ್ಲ, ಅಲ್ಲಿಡಿ." ಇಷ್ಟು ವರ್ಷದ ಕೆಲಸದಲ್ಲಿ ಒಂದೇ ಒಂದು ಸಲ ತನ್ನ ಎಣಿಕೆ ತಪ್ಪಿತಲ್ಲ, ಗಾಬರಿಗೆ ಹಾಗಾಗಿರಬೇಕು ಎಂದು ಅವನು ಅವತ್ತು ಸಮಾಧಾನ ಮಾಡಿಕೊಂಡ.

ಅವತ್ತಿನಿಂದ ಮಾವ ಊಟಕ್ಕೆ ಕೂತಾಗ ಕೇಳುವ ಪ್ರಶ್ನೆ ಒಂದೇ. "ನೀರು ಹಾಕಿದ್ರಾ ಇವತ್ತು?" ಅವನು ಹಾಕಿದೆ ಅನ್ನುತ್ತಿದ್ದ, ಮತ್ತು ನಿಜವಾಗಿ ಹಾಕಿರುತ್ತಿದ್ದ. ರಜಾದಿನಗಳಲ್ಲೂ ಬಸ್ಸು ಹತ್ತಿ ಹೋಗಿ ನೀರು ಹಾಕಿ ಬರುತ್ತಿದ್ದ. "ಆ ಗಿಡಕ್ಕೆ ಮಾಡೋ ಉಪಚಾರದಲ್ಲಿ ಕಾಲು ಭಾಗ ನಂಗೆ ಮಾಡಿದ್ರೆ ನಾನೂ ಹೂ ಬಿಡ್ತಿದ್ದೆ," ಎಂದು ಹೆಂಡತಿ ಆಡಿಕೊಳ್ಳುತ್ತಿದ್ದಳು. ಆದರೂ ಮಾವನ ಆ ಪ್ರಶ್ನೆ ದಿನವೂ ಸೂಜಿಯಂತೆ ಚುಚ್ಚುತ್ತಿತ್ತು. ಮನೆಯ ಗಿಡಗಳು ಎಂಟೇ ತಿಂಗಳಿಗೆ ಹೂ ಬಿಟ್ಟವು. ವಾಸನೆ ಇತ್ತು, ಚೆನ್ನಾಗಿಯೇ ಇತ್ತು, ಬೆಳಿಗ್ಗೆಯಿಂದ ಸಂಜೆಯವರೆಗೆ ಒಂದೇ ಸಮ ಇತ್ತು. ಮಾವ ಮೂಸಿ ನೋಡಿ, "ಪಾಪ, ಚೆನ್ನಾಗಿವೆ," ಎಂದು ಬೀದಿಯ ಮನೆಮನೆಗೂ ಒಂದೊಂದು ಹಂಚಿಬಿಟ್ಟರು. ಎಲ್ಲರೂ ಅದನ್ನು ಹೂವಿನ ಟೈಲರ್ ಗಿಡ ಎಂದೇ ಕರೆಯುತ್ತಾರೆ. ಬೀದಿಯಲ್ಲಿ ನಡೆಯುವಾಗ ಎರಡೂ ಬದಿಯ ಕಾಂಪೌಂಡುಗಳಿಂದ ತನ್ನ ಸುಳ್ಳು ಘಮ್ಮೆನ್ನುತ್ತಿರುವಂತೆ ಅವನಿಗನ್ನಿಸುತ್ತಿತ್ತು. ಇವನ ಕುಂಡದ್ದೊಂದೇ ಒಂದು ವರ್ಷ, ಎರಡು ವರ್ಷ, ಮೂರು ವರ್ಷ ಮುನಿಸಿಕೊಂಡು ಕೂತಿತು. ಪಾಪಿಯ ಕೈಯ ನೀರು, ಅದಕ್ಕೇ ಅಂದುಕೊಂಡಿದ್ದ. ಒಂದು ರೀತಿಯಲ್ಲಿ ಅದು ಹೂ ಬಿಡದಿರುವುದೇ ಅವನಿಗೆ ನೆಮ್ಮದಿಯಾಗಿತ್ತು. ಬರಬರುತ್ತ, ಕಿಟಕಿಯ ಕಟ್ಟೆಯ ಮೇಲೆ ಅದು ಹೊಸ ಎಲೆ ಹಾಕಿದ ದಿನ ಮನಸ್ಸು ಸುಮ್ಮಸುಮ್ಮನೆ ಹಿಗ್ಗುತ್ತಿತ್ತು ಎನ್ನುವುದೂ ನಿಜ.

ಈಗ ಅದನ್ನು ಒಯ್ದು ಆ ಮೂಲೆಯಲ್ಲಿ, ನಲವತ್ತು ವರ್ಷದ ಪೊದೆಯ ಜಾಗದಲ್ಲಿ, ನರ್ಸರಿಯ ಕಡ್ಡಿಯೊಂದನ್ನು ನೆಡುವುದು. ಮಾವ ಇನ್ನು ದಿನವೂ ನಾಲ್ಕು ಗಂಟೆಗೆ ಅಲ್ಲಿ ಹೋಗಿ ನಿಲ್ಲುತ್ತಾರೆ, ನಿಂತು ಬರದ ವಾಸನೆಗೆ ಕಾಯುತ್ತಾರೆ. ಹೇಳಲೇಬೇಕು, ಇವತ್ತೇ ಹೇಳಬೇಕು. ಹೇಳಿದರೆ ಅಳತೆ ಅಂದ್ರೆ ಅಳತೆ ಎಂಬ ಆ ಮಾತು ಇನ್ನು ಜನ್ಮದಲ್ಲಿ ಕೇಳಿಸುವುದಿಲ್ಲ.

ಮೂರೂವರೆಗೆ ಟೈಪಿಸ್ಟ್ ಅಕ್ಕನಿಗೆ ಹೇಳಿ ಕಚೇರಿ ಬಿಟ್ಟ. ಕುಂಡ ಎತ್ತಿ ಎದೆಗವಚಿಕೊಂಡು ಬಸ್ಸು ಹತ್ತಿದ. "ಅದಕ್ಕೂ ಟಿಕೆಟ್ ಮಾಡ್ಲಾ ಸಾರ್, ಇಲ್ಲ ತೊಡೆ ಮೇಲೆ ಕೂರಿಸ್ಕೋತೀರಾ?" ಎಂದ ಕಂಡಕ್ಟರ್. ತೊಡೆಯ ಮೇಲೆ ಕೂರಿಸಿಕೊಂಡ. ಮೊಗ್ಗು ಯಾವಾಗಲೋ ಬಿಚ್ಚಿಕೊಂಡಿತ್ತು, ಪೆಟ್ಟಿಗೆಯನ್ನು ಮತ್ತೆ ಬೀರುವಿಗೆ ಇಡುವ ಗಡಿಬಿಡಿಯಲ್ಲಿ ನೋಡಿರಲಿಲ್ಲ. ಐದು ಬಿಳಿ ಎಸಳು. ಮೂಗು ಬಗ್ಗಿಸಿದ. ಏನೂ ಇಲ್ಲ. ವಾಸನೆಯೂ ಇಲ್ಲವೇ, ನರ್ಸರಿಯದ್ದಕ್ಕಿಂತ ಕಡೆಯಾಯಿತಲ್ಲ ತನ್ನ ಸಾಕಾಣಿಕೆ ಎಂದು ನಗುವೂ ಬಂತು, ಅಳುವೂ ಬಂತು. ಮನಸ್ಸಿನಲ್ಲಿ ಮಾತು ಜೋಡಿಸತೊಡಗಿದ. ಮಾವ, ಒಂದು ವಿಷಯ. ಮಾವ, ಬೇಜಾರು ಮಾಡ್ಕೋಬೇಡಿ. ಮಾವ, ನೀವು ಆಸ್ಪತ್ರೆಯಲ್ಲಿದ್ದಾಗ. ಸೇತುವೆ ದಾಟಿ ಬಸ್ಸು ತಿರುಗಿತು. ಮುಂದಿನ ಸೀಟಿನಲ್ಲಿ ತೂಕಡಿಸುತ್ತಿದ್ದ ಹೆಂಗಸು ತಟ್ಟನೆ ಕಣ್ಣು ಬಿಟ್ಟು ಹಿಂದೆ ತಿರುಗಿದಳು. ಆಗ ಅವನಿಗೂ ತಿಳಿಯಿತು. ಕಿತ್ತಳೆ ಸಿಪ್ಪೆ ಮುರಿದ ವಾಸನೆ. ಅದರ ಹಿಂದೆಯೇ ಇಸ್ತ್ರಿ ಮಾಡಿದ ಬಟ್ಟೆ. ಅವನು ಗಡಿಯಾರ ನೋಡಿಕೊಂಡ. ನಾಲ್ಕು ಗಂಟೆ ಒಂದು ನಿಮಿಷ.

ಅವನ ತಲೆ ಕೆಲಸ ಮಾಡುವುದನ್ನು ನಿಲ್ಲಿಸಿತು. ಕೊಂಡು ತಂದ ಗಿಡಕ್ಕೆ ಈ ವಾಸನೆ ಎಲ್ಲಿಂದ ಬರಬೇಕು. ತಪ್ಪು ಮಾಡಿದವನ ಮೂಗು, ಬೇಕಾದ್ದನ್ನೇ ಮೂಸುತ್ತದೆ ಅಂದುಕೊಂಡ. ಆದರೆ ಮುಂದಿನ ಸೀಟಿನ ಹೆಂಗಸಿಗೆ ಏನು ಪಾಪವಿತ್ತು, ಅವಳೂ ಮೂಗರಳಿಸಿ, "ಯಾವ ಹೂವಣ್ಣ ಇದು?" ಎಂದು ಕೇಳುತ್ತಿದ್ದಳಲ್ಲ. ಆಮೇಲೆ ಇನ್ನೊಂದು ಯೋಚನೆ ಮೆಲ್ಲಗೆ ಬಂದು ಪಕ್ಕದಲ್ಲಿ ಕೂತಿತು. ಇನ್ನು ಹೇಳಬೇಕಾಗಿಯೇ ಇಲ್ಲ. ಹೇಗೋ ಏನೋ, ವಾಸನೆ ಸರಿಯಾಗಿದೆ, ಗಂಟೆ ಸರಿಯಾಗಿದೆ. ಮಾವ ಮೂಸುತ್ತಾರೆ, ಖುಷಿಪಡುತ್ತಾರೆ, ನೆಡುತ್ತಾರೆ. ಮುಗಿಯಿತು. ತಕ್ಕಡಿಯ ಎರಡೂ ತಟ್ಟೆ ಸಮವಾಗಿ ನಿಂತ ಮೇಲೆ ಒಳಗೇನಿದೆ ಎಂದು ಯಾರು ಬಿಚ್ಚಿ ನೋಡುತ್ತಾರೆ. ಅವನೇ ನೋಡುತ್ತಾನೆ, ಅದು ಅವನ ಉದ್ಯೋಗ. ತಟ್ಟೆಯಡಿ ಅಂಟಿಸಿದ ಮೇಣದುಂಡೆಯನ್ನು ಎಷ್ಟು ಅಂಗಡಿಗಳಲ್ಲಿ ಕಿತ್ತಿದ್ದಾನೋ. ನಿಲ್ದಾಣ ಬಂದಾಗ ಇಳಿದ. ಬೀದಿಯುದ್ದಕ್ಕೂ ನಡೆದ ಅಷ್ಟು ಹೊತ್ತೂ ಆ ವಾಸನೆ ಅವನ ಗದ್ದದ ಕೆಳಗೇ ಇತ್ತು, ಮತ್ತು ಅಂಥ ಸುಖ ಅವನಿಗೆ ಮೂರು ವರ್ಷದಿಂದ ಆಗಿರಲಿಲ್ಲ. ಈ ಸುಖವನ್ನು ಕದ್ದು ಇಟ್ಟುಕೊಳ್ಳಬಾರದು ಎಂದು ಗೇಟಿನ ಹತ್ತಿರ ಅನ್ನಿಸಿತು.

ಮಾವ ಜಗಲಿಯಲ್ಲಿ ಮಷೀನಿನ ಮುಂದೆ ಕೂತು ಪಕ್ಕದ ಮನೆಯವರ ಪರದೆಗೆ ಅಂಚು ಹೊಲಿಯುತ್ತಿದ್ದರು. ಮೇಜಿನ ಬಲಗಡೆ ಡ್ರಾಯರು ಇದ್ದ ಜಾಗ ಇನ್ನೂ ಖಾಲಿಯಾಗಿಯೇ ಇತ್ತು. ಅವನು ಕುಂಡವನ್ನು ಅವರ ಮುಂದೆ ಮೇಜಿನ ಮೇಲೆ ಇಟ್ಟ. ಚಕ್ರ ನಿಂತಿತು. ಮಾವ ಕನ್ನಡಕ ತೆಗೆದು, ಕಣ್ಣು ಮುಚ್ಚಿ, ಮೂಗನ್ನು ಹತ್ತಿರ ತರಲೂ ಇಲ್ಲ, ಹಾಗೇ ಕೂತರು.

"ಮಾವ," ಎಂದ ಅವನು. ಬಸ್ಸಿನಲ್ಲಿ ಜೋಡಿಸಿದ ಮಾತು ಒಂದೂ ನೆನಪಾಗಲಿಲ್ಲ. "ಇದು ನಿಮ್ಮ ಬೀಜದ್ದಲ್ಲ. ನೀವು ಆಸ್ಪತ್ರೇಲಿದ್ದಾಗ ನಾನು ನೀರು ಹಾಕ್ಲಿಲ್ಲ. ಎಲ್ಲ ಒಣಗಿಹೋದ್ವು. ನರ್ಸರಿಯಿಂದ ತಂದು ನೆಟ್ಟೆ. ವಾಸನೆ ಹೆಂಗೆ ಬಂತೋ ನಂಗೊತ್ತಿಲ್ಲ. ಆದ್ರೆ ಅಲ್ಲಿ ನೆಡೋದು ಬೇಡ."

ಮಾವ ಕಣ್ಣು ತೆರೆಯಲಿಲ್ಲ. "ಎಷ್ಟು ತಂದ್ರಿ?"

"ಮೂವತ್ತೊಂದು."

"ನಾನು ಎಣಿಸಿದಾಗ ಎಷ್ಟಿತ್ತು?"

"ಮೂವತ್ತೆರಡು ಅಂದ್ರಿ."

"ನೀವು ಲೆಕ್ಕ ತಪ್ಪೋರಾ?"

ಮಾವ ಕನ್ನಡಕ ಹಾಕಿಕೊಂಡು, ಹೊಲಿಗೆಯ ನೂಲನ್ನು ಕತ್ತರಿಸಿ, ಪರದೆಯನ್ನು ಪಕ್ಕಕ್ಕೆ ಸರಿಸಿದರು. "ಬೀಜದಿಂದ ಎದ್ದಿದ್ದಕ್ಕೆ ಬುಡದಲ್ಲಿ ಎರಡು ದಪ್ಪ ಎಲೆ ಇರುತ್ತೆ, ಬೀಜದ ಹೋಳೇ ಹಸಿರಾಗಿರೋದು. ಕಡ್ಡಿ ನೆಟ್ಟಿದ್ದಕ್ಕೆ ಅದಿರಲ್ಲ, ಅಲ್ಲಿ ಕತ್ತರಿ ಗುರುತು ಇರುತ್ತೆ. ಐವತ್ತು ವರ್ಷ ಕತ್ತರಿ ಹಿಡಿದೋನಿಗೆ ಕತ್ತರಿ ಗುರುತು ಕಾಣಲ್ವಾ? ಮೂವತ್ತೊಂದಕ್ಕೂ ಇತ್ತು. ಮೂಲೇಲಿ ಒಂದಕ್ಕೆ ಮಾತ್ರ ಎರಡೆಲೆ. ನಲವತ್ತರಲ್ಲಿ ಒಂಬತ್ತು ಎದ್ದಿರ್ಲಿಲ್ಲ ನೋಡಿ, ಅದರಲ್ಲೊಂದು ಸೋಮಾರಿ ಒಳಗೇ ಮಲಗಿತ್ತು. ನೀವು ಹೆದರ್ಕೊಂಡು ಸುರಿದ ನೀರಿಗೆ ಎದ್ದು ಕೂತಿತ್ತು."

ಅವನು ಜಗಲಿಯ ಮೆಟ್ಟಿಲ ಮೇಲೆ ಕೂತ. ಕುಂಡದ ಬುಡ ಅವನ ಕಣ್ಣಿನ ಮಟ್ಟಕ್ಕೆ ಬಂತು. ಆ ಎರಡೆಲೆ ಉದುರಿ ಎಷ್ಟೋ ಕಾಲವಾಗಿತ್ತು. ಉದುರಿದ ದಿನ ಅವನೇ ಗಾಬರಿಯಾಗಿ ಅದನ್ನು ಎತ್ತಿ ಕಾಗದದ ಮಡಿಕೆಯಲ್ಲಿ ಇಟ್ಟುಕೊಂಡಿದ್ದ. "ಗೊತ್ತಿದ್ದೂ ಒಂದು ಮಾತು ಕೇಳ್ಲಿಲ್ಲ ನೀವು," ಎಂದ. ಧ್ವನಿಯಲ್ಲಿ ಸ್ವಲ್ಪ ಸಿಟ್ಟೇ ಇತ್ತು.

"ಹೊಲಿಗೆ ಎಲ್ಲಿ ತಪ್ಪಿದೆ ಅಂತ ಹೊಲಿದೋನಿಗೆ ಗೊತ್ತಿರುತ್ತೆ. ಅವನೇ ಬಿಚ್ಚಲಿ ಅಂತ ಬಿಟ್ಟೆ. ಇಷ್ಟು ನಿಧಾನ ಮಾಡ್ತೀರಿ ಅಂದ್ಕೊಂಡಿರ್ಲಿಲ್ಲ."

"ಇದ್ದಿದ್ದೇ ಒಂದು. ಅದನ್ನ ನನ್ನ ಕೈಗೆ ಯಾಕೆ ಕೊಟ್ರಿ?"

"ಇನ್ಯಾರಿಗೆ ಕೊಡ್ಲಿ?" ಎಂದರು ಮಾವ, ನಿಜಕ್ಕೂ ಆಶ್ಚರ್ಯವಾದವರಂತೆ. "ನಂಗೂ ವಯಸ್ಸಾಯ್ತು, ಒಂದು ದಿನ ಮರೀಬಹುದು. ನೀವು ಇನ್ನು ಸಾಯೋವರೆಗೂ ಮರೆಯಲ್ಲ ಅಂತ ನಂಗೆ ಗ್ಯಾರಂಟಿ ಇತ್ತು."

ಒಳಗಿನಿಂದ ಹೆಂಡತಿ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದಳು. ಬಂದವಳು ಹೊಸಿಲಲ್ಲೇ ನಿಂತಳು. "ಅಪ್ಪ, ಅಂಗಡಿ ವಾಸನೆ," ಎಂದಳು, ಚಿಕ್ಕ ಹುಡುಗಿಯ ಧ್ವನಿಯಲ್ಲಿ. ಬೀದಿಯಲ್ಲಿ ಹೋಗುತ್ತಿದ್ದ ಯಾರೋ ಒಬ್ಬರು ಗೇಟಿನ ಹತ್ತಿರ ನಡಿಗೆ ನಿಧಾನ ಮಾಡಿ, ತಲೆಯೆತ್ತಿ ಅತ್ತಿತ್ತ ನೋಡಿ, ಮುಂದೆ ಹೋದರು. ಮಾವ ತೋರುಬೆರಳನ್ನು ಕುಂಡದ ಮಣ್ಣಿನಲ್ಲಿ ಒಂದು ಗೆಣ್ಣು ಆಳಕ್ಕೆ ಇಳಿಸಿದರು, ತೆಗೆದು ಬೆರಳನ್ನು ನೋಡಿದರು.

"ನೀರು ಹಾಕಿದ್ರಾ ಇವತ್ತು?"

ಹಾಕಿದೆ ಎಂಬ ಮಾತು ಅಭ್ಯಾಸಬಲದಿಂದ ನಾಲಿಗೆಯ ತುದಿಗೆ ಬಂದಿತ್ತು. ಆಗ ಕಚೇರಿಯ ಕಿಟಕಿಯ ಕಟ್ಟೆಯ ಮೇಲೆ, ಬೆಳಿಗ್ಗೆ ಇಟ್ಟಲ್ಲೇ ಇರುವ ತುಂಬಿದ ಚೊಂಬು ಕಣ್ಣಿಗೆ ಕಟ್ಟಿತು.

"ಇಲ್ಲ ಮಾವ," ಎಂದ. "ಮರೆತೆ."

"ಅಷ್ಟೇ ತಾನೆ," ಎಂದರು ಮಾವ. "ಈಗ ಹಾಕಿ."

ಅವನು ಎದ್ದು ನಲ್ಲಿಯ ಕಡೆಗೆ ಹೋದ.